ಕೊಡಗಿನ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಗಿಟ್ಟುತ್ತದೆಯೇ? ನಿಯಮಗಳನ್ನು ನಂಬಬಹುದೇ?

ಸೋಮವಾರಪೇಟೆ ಹತ್ತಿರದ ಮನೆ, ತಿಂಗಳಿಗೆ 240 ಯೂನಿಟ್ ಓಡುತ್ತದೆ ಎಂದಿದ್ದೀರಿ. ಹಾಗಾದರೆ ಹಾಕಿಸಿ ಎನ್ನುತ್ತೇನೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ ಕಟ್ಟಬೇಕು. ಸೋಲಾರ್‌ನ ಉಳಿತಾಯ ನಿಜವಾಗಿ ಕೈಗೆ ಬರುವುದು ನಿಮ್ಮಂಥ ಮನೆಗೇ.

ರಾಜ್ಯದ ನೀತಿ ಮುಗ್ಗರಿಸಿದ್ದೂ ಇಲ್ಲೇ. 2022-27ರ ನವೀಕರಿಸಬಹುದಾದ ಇಂಧನ ನೀತಿ ಚಾವಣಿ ಸೋಲಾರ್‌ಗೆ 1 ಗಿಗಾವ್ಯಾಟ್‌ವರೆಗೆ ಜಾಗ ಇಟ್ಟಿತು. ಮರುವರ್ಷ ಗೃಹಜ್ಯೋತಿ ಬಂತು. ಬಡ ಮನೆಗಳಿಗೆ ಅದು ದೊಡ್ಡ ಆಸರೆ, ಬೇಡ ಎನ್ನಲಾರೆ. ಆದರೆ ಬಿಲ್ಲೇ ಬಾರದ ಮನೆಯವರು ಸೋಲಾರ್‌ಗೆ ಏಕೆ ದುಡ್ಡು ಹಾಕುತ್ತಾರೆ?

ಕೇಂದ್ರದ ನಿಯಮ ಮಾತ್ರ ಸುಧಾರಿಸಿದೆ. 2024ರ ಫೆಬ್ರವರಿಯ ತಿದ್ದುಪಡಿಯಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ. 5 ಕಿಲೋವ್ಯಾಟ್‌ವರೆಗೆ ಲೈನ್ ಬಲಪಡಿಸುವ ಖರ್ಚು ಸರಬರಾಜು ಕಂಪನಿಯದು, ಅಂದರೆ ನಮ್ಮಲ್ಲಿ ಸೆಸ್ಕ್‌ನದು. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ಸಬ್ಸಿಡಿ 78,000 ರೂಪಾಯಿ. ಪ್ಯಾನೆಲ್‌ಗಳು ದೇಶದಲ್ಲೇ ತಯಾರಾದ ಸೆಲ್‌ಗಳದ್ದಾಗಿರಬೇಕು. ಮನೆಗೆ ಬಳಸಿ ಉಳಿದು ಲೈನಿಗೆ ಹೋಗುವ ಯೂನಿಟ್‌ಗೆ ಕಂಪನಿ ಕೊಡುವ ದರ ಇಳಿಯುತ್ತ ಬಂದಿದೆ: 2013ರಲ್ಲಿ ಸಬ್ಸಿಡಿ ಪಡೆಯದವರಿಗೆ 9.56 ರೂಪಾಯಿ ಇತ್ತು. ಸೆಸ್ಕ್ ಜೊತೆಗಿನ ಒಪ್ಪಂದ 25 ವರ್ಷದ್ದು, ದರ ಓದಿಯೇ ಸಹಿ ಹಾಕಿ.

ಇನ್ನು ನಮ್ಮ ಮಳೆಯ ಮಾತು. ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಬ್ಯಾಟರಿ ಇಲ್ಲದೆ ಕಂಪನಿಯ ಲೈನಿಗೇ ಜೋಡಿಸುವ ಇನ್ವರ್ಟರ್, ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಲೈನ್‌ಮನ್ ಕೆಲಸ ಮಾಡುವಾಗ ತಂತಿಗೆ ವಿದ್ಯುತ್ ಹರಿಯಬಾರದೆಂದು ಹಾಗೆ ಮಾಡಿರುತ್ತಾರೆ. ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೆ, ಬಿಸಿಲು ಬಿದ್ದರೂ ಪ್ಯಾನೆಲ್ ಸುಮ್ಮನೆ ಇರುತ್ತದೆ. ಅದು ಬೇಡವೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು; ಬ್ಯಾಟರಿಗೆ ಈ ಸಬ್ಸಿಡಿ ಇಲ್ಲ. ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ, ಜಡಿಮಳೆಯ ದಿನ ಅದರ ಮೂರನೇ ಒಂದು ಭಾಗಕ್ಕೂ ಕೆಳಗಿಳಿಯಬಹುದು. ಲೆಕ್ಕ ವರ್ಷದ ಮೇಲೆ ಹಾಕಿ.

ತೋಟದ ಸಿಲ್ವರ್ ಓಕ್ ಮರಗಳ ನೆರಳನ್ನು ಡಿಸೆಂಬರ್‌ನಲ್ಲಿ ನೋಡಿ, ಸೂರ್ಯ ಆಗ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3ಕ್ಕೆ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ಪ್ಯಾನೆಲ್ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಇಳಿಸಬಲ್ಲದು. ದಕ್ಷಿಣಕ್ಕೆ 15 ಡಿಗ್ರಿ ಇಳಿಜಾರು ಕೊಡಿಸಿ. ಚಪ್ಪಟೆಯಾಗಿ ಹಾಕಿದರೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಏಪ್ರಿಲ್, ಮೇ ಸಿಡಿಲಿಗೆ ಪ್ಯಾನೆಲ್‌ನ ಡಿಸಿ, ಮನೆಯ ಎಸಿ ಎರಡೂ ಕಡೆ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರಲಿ, ಅರ್ಥಿಂಗ್ ಗುಂಡಿಗಳನ್ನು ಬೇರೆಬೇರೆ ತೋಡಿಸಿ.

ಮುಂಗಡ ಕೊಡುವ ಮೊದಲು ಬಿಲ್ಲಿನಲ್ಲಿ ಯಾರ ಹೆಸರಿದೆ ನೋಡಿ. ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ) ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸೆಸ್ಕ್ ಉಪವಿಭಾಗದಲ್ಲಿ ಹೆಸರು ಬದಲಾಯಿಸಿಕೊಂಡ ಮೇಲೆಯೇ ಸೂರ್ಯಘರ್ ಪೋರ್ಟಲ್‌ನಲ್ಲಿ ನೋಂದಾಯಿಸಿ.