ಅಮೆರಿಕದ ಡ್ರಿಲ್ ಚಾರ್ಜರ್‌ಗೆ ಪಿನ್ ಅಡಾಪ್ಟರ್ ಸಾಕೇ?

ದಯವಿಟ್ಟು ಸದ್ಯಕ್ಕೆ ಅದನ್ನು ಪ್ಲಗ್‌ಗೆ ಹಾಕಬೇಡಿ. ಅಣ್ಣ ಅಮೆರಿಕದಿಂದ ತಂದ ಡ್ರಿಲ್ ಚಾರ್ಜರ್ ಮೇಲೆ ‘120 ವೋಲ್ಟ್, 60 ಹರ್ಟ್ಸ್, 1.8 ಆಂಪ್’ ಎಂದಷ್ಟೇ ಇದೆ, ಪಿನ್ ಅಡಾಪ್ಟರ್ ಹಾಕಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ನಮ್ಮ 230 ವೋಲ್ಟ್ ಹಾಗೇ ಒಳಗೆ ನುಗ್ಗುತ್ತದೆ. 120 ವೋಲ್ಟಿಗಷ್ಟೇ ಮಾಡಿದ ಇಂಥ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ 200 ವೋಲ್ಟ್ ತಡೆಯುವ ಕೆಪಾಸಿಟರ್ (ವಿದ್ಯುತ್ ಶೇಖರಿಸುವ ಬಿಡಿಭಾಗ) ಇರುತ್ತದೆ. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್! ಫ್ಯೂಸ್ ಮೊದಲು ಹೋದರೆ ಪುಣ್ಯ, ಇಲ್ಲದಿದ್ದರೆ ಕೆಪಾಸಿಟರ್ ಸಿಡಿಯುತ್ತದೆ.

ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳ ಮಾತು ಬೇರೆ. ಅವುಗಳ ಮೇಲೆ ಹೆಚ್ಚಾಗಿ ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿರುತ್ತದೆ, ಅಂಥವಕ್ಕೆ ಪಿನ್ ಅಡಾಪ್ಟರ್ ಸಾಕು.

ನಿಮ್ಮದಕ್ಕೆ 230 ವೋಲ್ಟನ್ನು 120ರ ಆಸುಪಾಸಿಗೆ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 120 ವೋಲ್ಟನ್ನು 1.8 ಆಂಪ್‌ನಿಂದ ಗುಣಿಸಿದರೆ 216 ವಿಎ (ವೋಲ್ಟ್-ಆಂಪ್, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ), ಹಾಗಾಗಿ 300 ವಿಎಗಿಂತ ಕಡಿಮೆಯದು ಬೇಡ, 500 ಆದರೆ ನಿಶ್ಚಿಂತೆ. ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಕೈಯಲ್ಲಿ ಎತ್ತಿ ನೋಡಿ, ಒಳಗೆ ಕಬ್ಬಿಣ-ತಾಮ್ರ ಇರುವುದರಿಂದ ಒಳ್ಳೇ ತೂಕ ಇರಬೇಕು. ಹೇರ್ ಡ್ರೈಯರ್‌ಗೆಂದು ಮಾರುವ ಹಗುರ ಕನ್ವರ್ಟರ್ ಚಾರ್ಜರನ್ನು ಹಾಳುಮಾಡುತ್ತದೆ, ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ದುಡ್ಡು ಹಾಕುವ ಮುಂಚೆ ಇನ್ನೊಂದು ವಿಚಾರಿಸಿ: ಅದೇ ಕಂಪನಿಯ, ಅದೇ ಮಾದರಿ ಬ್ಯಾಟರಿಗೆ ಹೊಂದುವ 230 ವೋಲ್ಟ್ ಚಾರ್ಜರ್ ಇಲ್ಲಿ ಸಿಗುತ್ತದೆಯೇ? ಸಿಕ್ಕರೆ ಟ್ರಾನ್ಸ್‌ಫಾರ್ಮರ್ ಗೊಡವೆಯೇ ಬೇಡ. ಬ್ಯಾಟರಿಯ ಲೇಬಲ್ ಫೋಟೊ ಹಾಕಿ, ಯಾವುದು ಹೊಂದುತ್ತದೆ ನೋಡಿ ಹೇಳುತ್ತೇನೆ.