ನಾಲ್ಕು ಗಂಟೆಯ ಮೇಲಿನ ಕಾಲೇಜು

ಜಗಳೂರು ತಾಲ್ಲೂಕಿನ ರೈತರೊಬ್ಬರು, ಹೆಸರು ಅಚ್ಚಾಗಬಾರದೆಂದು ಕೋರಿ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗಳು ಈ ವರ್ಷ ದಾವಣಗೆರೆಯ ಕಾಲೇಜೊಂದರಲ್ಲಿ ಮೊದಲ ವರ್ಷದ ಬಿ.ಎಸ್ಸಿ.ಗೆ ಸೇರಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು, ಆರೂಮುಕ್ಕಾಲರ ಬಸ್ಸಿನಲ್ಲಿ ಜಗಳೂರಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ದಾವಣಗೆರೆ ಸೇರುತ್ತಾಳೆ. ಸಂಜೆ ಮನೆ ಮುಟ್ಟುವಾಗ ಏಳು ದಾಟಿರುತ್ತದೆ. ಹೋಗಲು ಎರಡು ತಾಸು, ಬರಲು ಎರಡು ತಾಸು. ಮೊದಲ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರದಲ್ಲಿ ಫೇಲಾಗಿದ್ದಾಳೆ. ಕೆ.ಟಿ.ಜೆ. ನಗರದಲ್ಲಿ ರೂಮು ಮಾಡಿಕೊಂಡಿರುವ ಮೂವರು ಸಹಪಾಠಿಗಳು ಅವಳನ್ನೂ ಕರೆದಿದ್ದಾರೆ. ಮುಂದಿನ ವರ್ಷ ಹಾಸ್ಟೆಲ್ ಸಿಗುವವರೆಗೆ ಅಲ್ಲಿರುತ್ತೇನೆಂದು ಅವಳು ಹಟ ಹಿಡಿದಿದ್ದಾಳೆ. "ಬಸ್ಸು ಪುಕ್ಕಟೆ ಇರುವಾಗ ಮನೆಯ ಊಟ ಬಿಟ್ಟು ಪರಸ್ಥಳದಲ್ಲಿ ಇರುವುದೇಕೆ? ಮೂರು ವರ್ಷ ಹೇಗೋ ಕಳೆಯುತ್ತದೆ. ಈಗಿನ ಮಕ್ಕಳಿಗೆ ಕಷ್ಟವೇ ಬೇಡವಾಗಿದೆ. ನಾಲ್ಕು ಬುದ್ಧಿಮಾತು ಬರೆಯಿರಿ, ಅವಳಿಗೆ ಓದಿಸುತ್ತೇನೆ" ಎಂಬುದು ಪತ್ರದ ಸಾರ.

ಮಾನ್ಯರೇ,

ಮೊದಲಿಗೆ ನಿಮ್ಮ ಅಕ್ಷರಕ್ಕೆ ನಮಸ್ಕಾರ. ವಾಟ್ಸ್‌ಆ್ಯಪಿನಲ್ಲಿ ಅರ್ಧ ಸಾಲು ಬರೆದು "ಪ್ರಕಟಿಸಿ" ಎಂದು ಅಪ್ಪಣೆ ಮಾಡುವವರ ನಡುವೆ, ಗೆರೆ ಹಾಕಿದ ಹಾಳೆಯಲ್ಲಿ ಒತ್ತಕ್ಷರ ತಪ್ಪದಂತೆ ನಾಲ್ಕು ಪುಟ ಬರೆಯುವ ರೈತರು ನಮ್ಮ ಓದುಗರಾಗಿದ್ದಾರೆಂಬುದು ನನಗೆ ಹೆಮ್ಮೆಯ ಸಂಗತಿ. ಬುದ್ಧಿಮಾತನ್ನೂ ಬರೆಯುತ್ತೇನೆ. ಆದರೆ ಅದು ಮಗಳಿಗಿಂತ ಹೆಚ್ಚಾಗಿ ನಿಮಗೇ ತಾಗುವಂತಿರುವುದರಿಂದ, ಅವಳ ಕೈಗೆ ಕೊಡುವ ಮೊದಲು ನೀವೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ, ಪಿಯುಸಿಗೇ ಓದು ನಿಲ್ಲಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ತೋರಿಸಿ, ಶೂನ್ಯ ದರದ ಟಿಕೆಟ್ ಪಡೆದು, ಪಟ್ಟಣದ ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಮನೆಯ ಅನ್ನಕ್ಕೆ ಸಮನಾದ ಅನ್ನವಿಲ್ಲ. ಹೆತ್ತವರ ದಿಗಿಲಿಗೆ ಕಾರಣಗಳೂ ಇವೆ. ಇಷ್ಟನ್ನು ಒಪ್ಪಿಕೊಂಡೆ.

ಇನ್ನು ಲೆಕ್ಕಕ್ಕೆ ಬರೋಣ. ಮೆಕ್ಕೆಜೋಳದ ಬೆಲೆ ಕ್ವಿಂಟಲಿಗೆ ಹತ್ತು ರೂಪಾಯಿ ಇಳಿದರೂ ಲೆಕ್ಕ ಹಾಕುವವರು ನೀವು, ಇದನ್ನೂ ಹಾಕಿ. ಸೆಮಿಸ್ಟರಿಗೆ 90 ದಿನಗಳಂತೆ ವರ್ಷಕ್ಕೆ 180 ದಿನ ಪಾಠ ನಡೆಯಬೇಕೆಂಬುದು ನಿಯಮ. ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲಿ ಹೋದರೆ ವರ್ಷಕ್ಕೆ 720 ತಾಸು. ಅಂದರೆ ನಿಮ್ಮ ಮಗಳು ವರ್ಷದಲ್ಲಿ ಮೂವತ್ತು ದಿನ, ಹಗಲೂ ರಾತ್ರಿಯೂ, ಬಸ್ಸಿನಲ್ಲಿಯೇ ಕಳೆಯುತ್ತಾಳೆ. ವಾರಕ್ಕೆ ನಾಲ್ಕು ತಾಸು ಪಾಠವಿರುವ ವಿಷಯವೊಂದಕ್ಕೆ ಹದಿನಾರು ವಾರಗಳಲ್ಲಿ ಸಿಗುವುದು 64 ತಾಸು. ಅಂಥ ಹನ್ನೊಂದು ವಿಷಯಗಳನ್ನು ಓದಬಹುದಾದಷ್ಟು ಹೊತ್ತನ್ನು ಜಗಳೂರು ರಸ್ತೆ ನುಂಗುತ್ತಿದೆ. ಶಕ್ತಿ ಯೋಜನೆ ಖಾಸಗಿ ಬಸ್ಸುಗಳಿಗೆ ಅನ್ವಯಿಸದ ಕಾರಣ ಮುಂದೆ ನಿಂತ ಖಾಸಗಿ ಬಸ್ಸನ್ನು ಬಿಟ್ಟು, ಸರ್ಕಾರಿ ಬಸ್ಸಿಗಾಗಿ ಕಾದು ನಿಲ್ಲುತ್ತಾಳೆಂದು ನೀವೇ ಮೆಚ್ಚುಗೆಯಿಂದ ಬರೆದಿದ್ದೀರಿ. ಆ ಕಾಯುವಿಕೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಬಸ್ಸು ಪುಕ್ಕಟೆ ಎಂದಿರಲ್ಲ, ಟಿಕೆಟ್ ಪುಕ್ಕಟೆಯಷ್ಟೆ.

ನಿಮ್ಮ ಪತ್ರ ಬಂದ ಮರುದಿನ ಸಂಜೆ ನಾಲ್ಕೂವರೆಗೆ ನಾನು ಇಲ್ಲಿಯ, ದಾವಣಗೆರೆಯ, ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಹೊರಡಲು ಇನ್ನೂ ಹೊತ್ತಿದ್ದ ಬಸ್ಸೊಂದರಲ್ಲಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಒಬ್ಬ ಹುಡುಗಿ ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಊಟದ ಡಬ್ಬಿಯ ಮುಚ್ಚಳ, ಅದರ ಮೇಲೆ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕವಿಟ್ಟುಕೊಂಡು ಪೆನ್ಸಿಲಿನಿಂದ ಈರುಳ್ಳಿ ಬೇರಿನ ತುದಿಯ ಕೋಶ ವಿಭಜನೆಯ ಚಿತ್ರ ಬಿಡಿಸುತ್ತಿದ್ದಳು. ಚಾಲಕ ಬಂದು ಎಂಜಿನ್ ಶುರು ಮಾಡಿದೊಡನೆ ಇಡೀ ಬಸ್ಸು ನಡುಗಿತು. ಅವಳು ಬರೆಯುವುದನ್ನು ನಿಲ್ಲಿಸಿ, ನಡುಕ ತುಸು ಇಳಿದಾಗ ಒಂದು ಗೆರೆ, ಮತ್ತೆ ನಿಲ್ಲಿಸಿ ಇನ್ನೊಂದು ಗೆರೆ, ಹೀಗೆ ಅರ್ಧ ಕೋಶವನ್ನು ಮುಗಿಸಿದಳು. ಬಸ್ಸು ಹಿಂದಕ್ಕೆ ಸರಿದಾಗ ಕೋಶದ ಗೋಡೆ ಅಂಚಿನವರೆಗೂ ಹರಿಯಿತು. ರಬ್ಬರಿನಿಂದ ಉಜ್ಜಿ, ಪುಸ್ತಕ ಮುಚ್ಚಿ, ತಲೆಯನ್ನು ಕಿಟಕಿಯ ಸರಳಿಗೆ ಒರಗಿಸಿದಳು. ನೀವು ಈರುಳ್ಳಿ ಬೆಳೆಯುವವರು. ಆ ಹುಡುಗಿ ನಿಮ್ಮ ಮಗಳಲ್ಲದಿರಬಹುದು. ಆಗಿದ್ದರೂ ನನಗೆ ಆಶ್ಚರ್ಯವಿಲ್ಲ.

ನಾನು ಹೇಳಬೇಕಾದುದು ಒಂದೇ ಮಾತು, ಅದನ್ನು ಈ ಅಂಕಣದಲ್ಲಿ ಬೇರೆ ಬೇರೆ ನೆಪದಲ್ಲಿ ಹತ್ತಾರು ಸಲ ಹೇಳಿದ್ದೇನೆಂದು ಹಳೆಯ ಓದುಗರು ನಗಬಹುದು: ಕಾಲೇಜಿನ ಮುಖ್ಯವಾದ ಅರ್ಧ ಶುರುವಾಗುವುದು ಸಂಜೆ ನಾಲ್ಕು ಗಂಟೆಯ ಮೇಲೆ, ಉಪನ್ಯಾಸಕರು ಮನೆಗೆ ಹೋದ ನಂತರ. ನಾನು ಚನ್ನಗಿರಿ ಕಡೆಯ ಹಳ್ಳಿಯಿಂದ ಎಪ್ಪತ್ತರ ದಶಕದಲ್ಲಿ ಇದೇ ಊರಿಗೆ ಓದಲು ಬಂದವನು. ನಾಲ್ವರಿಗೆ ಒಂದು ಕೋಣೆ, ಒಂದು ಪಂಪ್ ಸ್ಟೌ, ಎರಡು ಬಕೆಟ್. ಗಡಿಯಾರ ಇರಲಿಲ್ಲ; ಹತ್ತಿ ಗಿರಣಿಯ ಸೈರನ್ನೇ ನಮ್ಮ ಗಡಿಯಾರ. ಶನಿವಾರ ಊರಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಕಂಡಕ್ಟರು "ಯಾರಪ್ಪಾ ಈ ಗಂಟಿನ ವಾರಸುದಾರ" ಎಂದು ಕೂಗುವುದೇ ತಡ, ನಾಲ್ವರೂ ನುಗ್ಗುತ್ತಿದ್ದೆವು. ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದ ಜೋಳದ ರೊಟ್ಟಿ, ಬಾಳೆ ಎಲೆಯಲ್ಲಿ ಸುತ್ತಿದ ಶೇಂಗಾ ಚಟ್ನಿಪುಡಿ, ಗಂಟಿನ ಒಂದು ತುದಿಯಲ್ಲಿ ಬೇರೆಯಾಗಿ ಬಿಗಿದ ಎರಡು ರೂಪಾಯಿಯ ನೋಟು. ವಾರಕ್ಕೆಂದು ಅವ್ವ ಎಣಿಸಿ ಕಳಿಸಿದ ರೊಟ್ಟಿ ಸೋಮವಾರಕ್ಕೇ ಖಾಲಿ. ಆಮೇಲೆ ಮಂಡಕ್ಕಿ, ಕೈಯಲ್ಲಿ ಕಾಸಿದ್ದ ದಿನ ಜೊತೆಗೊಂದು ಮೆಣಸಿನಕಾಯಿ.

ಬಡತನದ ಬಡಾಯಿ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ ನನಗೆ ಮೊದಲ ತಿಂಗಳು ಭೌತಶಾಸ್ತ್ರದ ತರಗತಿಯಲ್ಲಿ ಕೇಳಿಸುತ್ತಿದ್ದುದು ಬರೀ ಶಬ್ದ. 'ಇನರ್ಷಿಯಾ' ಎಂಬ ಪದವನ್ನು ನಿಘಂಟಿನಲ್ಲಿ ತೆರೆದರೆ 'ಜಡತ್ವ' ಎಂದಿತ್ತು. ತಿಳಿಯದ ಒಂದು ಪದಕ್ಕೆ ತಿಳಿಯದ ಇನ್ನೊಂದು ಪದ. ಆ ರಾತ್ರಿ ಚಳ್ಳಕೆರೆ ಕಡೆಯ ನನ್ನ ಕೋಣೆಯ ಗೆಳೆಯ ನನ್ನನ್ನು ಮಂಡಕ್ಕಿ ಭಟ್ಟಿಯ ಬೀದಿಗೆ ಕರೆದೊಯ್ದು, ಭತ್ತದ ಮೂಟೆ ಹೇರಿದ ತಳ್ಳುಗಾಡಿಯನ್ನು ತೋರಿಸಿದ. ಹಮಾಲರು ಮೊದಲ ಹೆಜ್ಜೆಗೆ ಹಲ್ಲು ಕಚ್ಚಿ ನೂಕುತ್ತಿದ್ದರು. ಗಾಲಿ ಉರುಳತೊಡಗಿದ ಮೇಲೆ ಅದೇ ಗಾಡಿಯನ್ನು ನಿಲ್ಲಿಸಲು ಹಿಂದಕ್ಕೆ ಜಗ್ಗುತ್ತಿದ್ದರು. "ನಿಂತಿದ್ದು ನಿಂತೇ ಇರ್ತೀನಿ ಅಂತೈತಿ, ಓಡೋದು ಓಡ್ತಾನೇ ಇರ್ತೀನಿ ಅಂತೈತಿ, ಅಷ್ಟೇ ಕಣೋ" ಎಂದ. ಆ ಪಾಠ ನನಗೆ ಸಿಕ್ಕಿದ್ದು ರಾತ್ರಿ ಒಂಬತ್ತರ ಸುಮಾರಿಗೆ, ಬೀದಿಯಲ್ಲಿ, ನನ್ನದೇ ವಯಸ್ಸಿನವನ ಬಾಯಿಂದ. ನಾಲ್ಕೂವರೆಯ ಬಸ್ಸು ಹತ್ತಿದ್ದರೆ ಸಿಗುತ್ತಿರಲಿಲ್ಲ. ನಿಮ್ಮ ಮಗಳು ರಸಾಯನಶಾಸ್ತ್ರದಲ್ಲಿ ಫೇಲಾಗಿದ್ದು ಕಷ್ಟ ಪಡದೆ ಎಂದು ನೀವು ಭಾವಿಸಿದ್ದೀರಿ. ತಿಳಿಯದ್ದನ್ನು ಕೇಳಲು ಅವಳಿಗೆ ಜೊತೆಗಾರರಿಲ್ಲದೆ ಎಂದು ನಾನು ಭಾವಿಸುತ್ತೇನೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಸಿದ್ಧಗಂಗೆಯಲ್ಲಿ 1917ರಲ್ಲಿ ಉದ್ಧಾನ ಶಿವಯೋಗಿಗಳು ಪಾಠಶಾಲೆಯನ್ನು ತೆರೆದಾಗ ಅದರ ಜೊತೆಗೇ ಮಕ್ಕಳಿಗೆ ಊಟ ವಸತಿಯನ್ನೂ ಕಲ್ಪಿಸಿದರು. ಚಿತ್ರದುರ್ಗದ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳಿಂದ ಎಷ್ಟು ಮನೆತನಗಳಲ್ಲಿ ಮೊದಲ ಪದವೀಧರ ಹುಟ್ಟಿದನೆಂಬುದನ್ನು ಈ ಭಾಗದ ಯಾವ ಹಳೆಯ ವಕೀಲರನ್ನು ಕೇಳಿದರೂ ಹೇಳುತ್ತಾರೆ. ಹಲುವಾಗಲಿನಲ್ಲಿ ಹುಟ್ಟಿದ ನಿಜಲಿಂಗಪ್ಪನವರು ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಅದೇ ಕಾಲೇಜಿನಲ್ಲಿ ಅವರಿಗಿಂತ ನಾಲ್ಕು ದಶಕ ಮೊದಲು, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ ವಿಶ್ವೇಶ್ವರಯ್ಯನವರು, ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, 1881ರಲ್ಲಿ ಬಿ.ಎ. ಮುಗಿಸಿದರು. ಯಾರೂ ಸಂಜೆ ಮನೆಗೆ ಮರಳುತ್ತಿರಲಿಲ್ಲ.

ಇಷ್ಟು ಬರೆದು ಅಕ್ಷರ ಜೋಡಣೆಗೆ ಕೊಟ್ಟಾಗ ನಮ್ಮ ಕಚೇರಿಯ ಡಿಟಿಪಿ ಹುಡುಗಿ ಹಾಳೆಯನ್ನು ಹಿಂದಕ್ಕೆ ತಂದಳು. "ಸರ್, ಇದರಲ್ಲಿ ಎಲ್ಲರೂ ಗಂಡಸರೇ ಇದ್ದಾರಲ್ಲ" ಎಂದಳು. ಇಂಥ ಸಂದರ್ಭದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ ನಡೆದ ಅಕ್ಕನನ್ನು ಕರೆತಂದು ಪಟ್ಟಿಯನ್ನು ಸರಿದೂಗಿಸುವುದು ನಮ್ಮಂಥವರ ಅಭ್ಯಾಸ. ನಾನು ಅದನ್ನು ಮಾಡುವುದಿಲ್ಲ. ಡಿಟಿಪಿ ಹುಡುಗಿಯ ಮಾತು ಸರಿಯಾಗಿಯೇ ಇದೆ. ಹರಪನಹಳ್ಳಿಯಿಂದ ಮೂರು ವರ್ಷ ಓಡಾಡಿ ಪದವಿ ಮುಗಿಸಿದ ಈ ಹುಡುಗಿ, ತನ್ನ ಕಾಲೇಜಿನ ಗ್ರಂಥಾಲಯಕ್ಕೆ ಮಹಡಿಯೊಂದಿದೆ ಎಂಬುದನ್ನು ಕೊನೆಯ ವರ್ಷ, ಗ್ರಂಥಾಲಯದ ಬಾಕಿ ಇಲ್ಲವೆಂಬ ಚೀಟಿಗೆ ಸಹಿ ಹಾಕಿಸಲು ಹೋದಾಗ ತಿಳಿದಳಂತೆ.

ಇಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ. ಪತ್ರದ ಮೂರನೆಯ ಪುಟದಲ್ಲಿ, ಬೇರೇನನ್ನೋ ಹೇಳುವಾಗ, ನಿಮ್ಮ ಮಗ ಬೆಂಗಳೂರಿನ ಪೀಣ್ಯದ ಬಳಿ ಐವರು ಹುಡುಗರ ಜೊತೆ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾನೆಂದು ಬರೆದಿದ್ದೀರಿ. ಅವನ ಊಟದ ಬಗ್ಗೆ, ಅವನ ಸಹವಾಸದ ಬಗ್ಗೆ, ಅವನು ರಾತ್ರಿ ಎಷ್ಟಕ್ಕೆ ಕೋಣೆ ಸೇರುತ್ತಾನೆಂಬುದರ ಬಗ್ಗೆ ನಾಲ್ಕು ಪುಟಗಳಲ್ಲಿ ಒಂದು ಸಾಲಿಲ್ಲ. ಇನ್ನೂರೈವತ್ತು ಕಿಲೋಮೀಟರು ಆಚೆಯ ಮಗ ಪರಸ್ಥಳದಲ್ಲಿಲ್ಲ, ಐವತ್ತರ ಆಸುಪಾಸಿನ ದಾವಣಗೆರೆ ಮಾತ್ರ ಪರಸ್ಥಳವಾಯಿತೇ? ನೀವೊಬ್ಬರೇ ಹೀಗೆಂದು ಹೇಳಲಾರೆ. ನವೆಂಬರ್ 11ರಂದು ಒನಕೆ ಓಬವ್ವನ ಜಯಂತಿಯಲ್ಲಿ ಭಾಷಣ ಬಿಗಿದು, ಮನೆಗೆ ಹೋಗಿ ಮಗಳ ಹಾಸ್ಟೆಲ್ ಅರ್ಜಿಯನ್ನು ಕಪಾಟಿನಲ್ಲಿ ಬಚ್ಚಿಡುವ ಮಹನೀಯರನ್ನು ನಾನು ಬಲ್ಲೆ.

ಹಾಗೆಂದು ಎಲ್ಲ ತಪ್ಪನ್ನೂ ಅಪ್ಪಂದಿರ ತಲೆಗೆ ಕಟ್ಟುವುದು ನ್ಯಾಯವಲ್ಲ. 1951ರಲ್ಲಿಯೇ ಇಂಜಿನಿಯರಿಂಗ್ ಕಾಲೇಜು ಕಂಡ ಊರು ಇದು. 1965ಕ್ಕೆ ವೈದ್ಯಕೀಯ ಕಾಲೇಜು ಬಂತು, 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯವೇ ಆಯಿತು. ಗಿರಣಿಗಳು ಮುಚ್ಚಿದ ಮೇಲೆ ಈ ಊರಿನ ಎಷ್ಟೋ ಓಣಿಗಳು ಬದುಕಿರುವುದು ವಿದ್ಯಾರ್ಥಿಗಳ ಬಾಡಿಗೆಯಿಂದ, ಖಾನಾವಳಿಯಿಂದ, ಜೆರಾಕ್ಸ್ ಅಂಗಡಿಯಿಂದ. ಆದರೂ ಹಳ್ಳಿಯ ಹುಡುಗಿಯೊಬ್ಬಳು ಕೋಣೆ ಕೇಳಲು ಹೋದರೆ "ಫ್ಯಾಮಿಲಿಗೆ ಮಾತ್ರ" ಎಂಬ ಬೋರ್ಡು ಅವಳನ್ನು ಎದುರುಗೊಳ್ಳುತ್ತದೆ. ಸಂಜೆ ಐದಕ್ಕೆ ಗ್ರಂಥಾಲಯಕ್ಕೆ ಬೀಗ. ತೆರೆದಿರುವ ಕಡೆ, ಹುಡುಗಿಯರ ಹಾಸ್ಟೆಲಿನ ಗೇಟಿಗೆ ಆರೂವರೆಗೇ ಬೀಗ. ಪಾಠ ಹೇಳುವ ಅತಿಥಿ ಉಪನ್ಯಾಸಕರು ತಮ್ಮ ಅವಧಿ ಮುಗಿದೊಡನೆ ಇನ್ನೊಂದು ಕಾಲೇಜಿಗೆ ಓಡಬೇಕು. ಅವರ ಸಂಬಳದಲ್ಲಿ ಓಡದೆ ವಿಧಿಯಿಲ್ಲ. ಮಕ್ಕಳು ಬಸ್ಸಿಗೆ ಓಡುತ್ತಾರೆ, ಮೇಷ್ಟ್ರು ಬೈಕಿಗೆ ಓಡುತ್ತಾರೆ. ಮೊದಲ ವರ್ಷದ ವಿದ್ಯಾರ್ಥಿಗೆ ಬಿಡುವು ಸಿಕ್ಕರೆ ಅದೂ ಪೋರ್ಟಲುಗಳ ಪಾಲು: ಪ್ರವೇಶಕ್ಕೆ ಒಂದು, ವಿದ್ಯಾರ್ಥಿವೇತನಕ್ಕೆ ಒಂದು, ಹಾಸ್ಟೆಲಿಗೆ ಒಂದು, ಎಲ್ಲಕ್ಕೂ ಬೇರೆ ಬೇರೆ ಒಟಿಪಿ. ನಾಲ್ಕು ವರ್ಷದ ಪದವಿ ಎಂದು 2021ರಲ್ಲಿ ಬದಲಾಯಿಸಿದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ಎರಡೂ ಸಲ ಪಠ್ಯದ ಬಗ್ಗೆ ನಡೆದಷ್ಟು ಚರ್ಚೆಯಲ್ಲಿ ನೂರನೆಯ ಒಂದು ಪಾಲು, ಓದುವ ಮಗು ರಾತ್ರಿ ಎಲ್ಲಿ ಮಲಗುತ್ತದೆಂಬುದರ ಬಗ್ಗೆ ನಡೆಯಲಿಲ್ಲ.

ಈಗ ಕೆಲಸದ ಮಾತು. ಮುಂದಿನ ಸಾಲಿಗೆ ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲಿನಲ್ಲಿ ಅರ್ಜಿ ಕರೆದ ಮೊದಲ ವಾರದಲ್ಲೇ ಹಾಕಿಸಿ; ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ತೆಗೆಸಿಟ್ಟುಕೊಳ್ಳಿ. ನೀವು ಹಿಂದುಳಿದ ವರ್ಗಕ್ಕೆ ಸೇರಿದ್ದು, ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯನ್ನು ವಿಚಾರಿಸಿ. ಆ ಯೋಜನೆ ಶುರುವಾದದ್ದೇ ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡಲಿಕ್ಕೆ. ಅಲ್ಲಿಯವರೆಗೆ ಅವಳು ಆ ಮೂವರ ಜೊತೆಗಿರಲಿ. ಬರುವ ಭಾನುವಾರ ನೀವೂ ನಿಮ್ಮ ಮನೆಯವರೂ ಹೋಗಿ ಕೋಣೆ ನೋಡಿ, ನೀರು ಬರುತ್ತದೆಯೇ, ಬಾಗಿಲ ಚಿಲಕ ಗಟ್ಟಿಯಿದೆಯೇ ವಿಚಾರಿಸಿ, ಮನೆಯ ಒಡತಿಯ ಜೊತೆ ಕೂತು ಒಂದು ಲೋಟ ಚಹಾ ಕುಡಿದು ಬನ್ನಿ. ಅರ್ಧ ದಿಗಿಲು ಅಲ್ಲೇ ಇಳಿಯುತ್ತದೆ.

ಶನಿವಾರದ ಬಸ್ಸಿಗೆ ಬುತ್ತಿ ಕೊಟ್ಟು ಕಳಿಸಿ; ಕಂಡಕ್ಟರುಗಳು ಈಗಲೂ ಒಲ್ಲೆನೆನ್ನುವುದಿಲ್ಲ. ರೊಟ್ಟಿಯನ್ನು ಮಾತ್ರ ನಮ್ಮ ಅವ್ವನ ಹಾಗೆ ಒಬ್ಬರ ಲೆಕ್ಕಕ್ಕೆ ಎಣಿಸಬೇಡಿ, ಆ ಕೋಣೆಯಲ್ಲಿ ಇನ್ನೂ ಮೂವರಿರುತ್ತಾರೆ.

— ಸಂ.