‘ದಯಾಮರಣ’ ಎಂಬ ಶೀರ್ಷಿಕೆ ಕೊಟ್ಟವನು ನಾನೇ

(ಓದುಗರೊಬ್ಬರ ಪತ್ರ. ಹೆಸರು, ಊರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಪತ್ರವನ್ನು ಸ್ವಲ್ಪ ಮೊಟಕುಗೊಳಿಸಿದ್ದೇವೆ.)

“ನನಗೆ 71 ವರ್ಷ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮೂರು ವರ್ಷದ ಹಿಂದೆ ನಮ್ಮ ಯಜಮಾನರು 19 ದಿನ ವೆಂಟಿಲೇಟರ್‌ನಲ್ಲಿದ್ದು ತೀರಿಕೊಂಡರು. ಬಾಯಲ್ಲಿನ ಪೈಪು ಕಿತ್ತುಕೊಳ್ಳುತ್ತಾರೆಂದು ಅವರ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ನನಗೆ ಹಾಗಾಗಬಾರದು ಅಂತ ಒಂದು ಬಿಳಿ ಹಾಳೆಯಲ್ಲಿ ಬರೆದು, ಪಕ್ಕದ ಮನೆಯವರ ಸಹಿ ಹಾಕಿಸಿ ಮಗನ ಕೈಗೆ ಕೊಟ್ಟೆ. ಅದೇ ವಾರ ನಿಮ್ಮ ಪತ್ರಿಕೆಯಲ್ಲಿ ‘ದಯಾಮರಣಕ್ಕೆ ರಾಜ್ಯ ಅಸ್ತು’ ಅಂತ ಬಂದಿತ್ತು. ಮಗ ಅದನ್ನು ತೋರಿಸಿ, ‘ಅಮ್ಮ, ನಿನ್ನ ಸಾಯಿಸೋದಕ್ಕೆ ನಾನು ಸಹಿ ಹಾಕಬೇಕಾ?’ ಅಂದು ಹಾಳೆ ಹರಿದುಹಾಕಿದ. ನಾನು ಕೇಳಿದ್ದು ಸಾವನ್ನೇ? ಅಂಥ ಹಾಳೆಗೆ ಬೆಲೆ ಇದೆಯೇ? ಹಾಲೆಂಡಿನಲ್ಲಿ ಇಂಜೆಕ್ಷನ್ ಕೊಡುತ್ತಾರಂತೆ, ನಮ್ಮಲ್ಲಿ ಏಕಿಲ್ಲ? ಆಸ್ತಿ ಆಸೆಗೆ ಮಕ್ಕಳು ಇದನ್ನು ದುರುಪಯೋಗ ಮಾಡಿಕೊಂಡರೆ ಅಂತ ನನ್ನ ತಮ್ಮ ಕೇಳುತ್ತಾನೆ. ಕೊನೆಗೊಂದು ಮಾತು. ‘ನನ್ನ ಕೈ ಕಟ್ಟಬೇಡಿ’ ಅಂತ ಅದರಲ್ಲಿ ಬರೆಯಬಹುದೇ?”

ಮಾನ್ಯರೇ,

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ವರದಿ ಬರೆದ ಹುಡುಗಿ ‘ಘನತೆಯಿಂದ ಸಾಯುವ ಹಕ್ಕು: ಆರೋಗ್ಯ ಇಲಾಖೆ ಸುತ್ತೋಲೆ’ ಅಂತಲೇ ಬರೆದುಕೊಟ್ಟಿದ್ದಳು. ಉದ್ದವಾಯಿತು, ಎರಡು ಕಾಲಮ್ಮಿನಲ್ಲಿ ಕೂರುವುದಿಲ್ಲ ಅಂತ ‘ದಯಾಮರಣ’ವನ್ನು ತುರುಕಿದವನು ನಾನು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಹೊರಡಿಸಿದ ಆ ಸುತ್ತೋಲೆಯಲ್ಲಿ ಯಾರಿಗೂ ಸಾವು ಕೊಡುವ ಮಾತೇ ಇಲ್ಲ. ಗುಣವಾಗುವ ಭರವಸೆ ಮುಗಿದ ರೋಗಿಗೆ ಸಾವನ್ನು ಮುಂದೂಡಲೆಂದೇ ಹಾಕಿದ ಯಂತ್ರವನ್ನು ತೆಗೆಯಬಹುದು, ಅಥವಾ ಹಾಕದೆಯೇ ಇರಬಹುದು. ಅದನ್ನು ತೀರ್ಮಾನಿಸಲು ಆಸ್ಪತ್ರೆಗಳು ವೈದ್ಯರ ಮಂಡಳಿ ಮಾಡಿಕೊಳ್ಳಬೇಕು ಎಂಬುದಷ್ಟೇ ಅದರ ತಿರುಳು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ತಿದ್ದಿದ್ದನ್ನು ರಾಜ್ಯ ಜಾರಿಗೆ ತರಲು ಹೊರಟಿತು. ನಾನು ಜಾಗ ಉಳಿಸಲು ಹೋಗಿ ನಿಮ್ಮ ಮನೆಯಲ್ಲಿ ಜಗಳ ತಂದೆ. ಇದೇ ಪುಟದ ಕೆಳಗೆ ತಿದ್ದುಪಡಿ ಇದೆ, ಮಗನಿಗೆ ತೋರಿಸಿ.

ಹಾಗಾದರೆ ನೀವು ಕೇಳಿದ್ದು ಸಾವನ್ನೇ? ಅಲ್ಲ. ನಿಮ್ಮ ಹಾಳೆ ಯಾರಿಗೂ ‘ಇದನ್ನು ಮಾಡಿ’ ಎನ್ನುವುದಿಲ್ಲ, ‘ಇದನ್ನು ಮಾಡಬೇಡಿ’ ಎನ್ನುತ್ತದೆ. ಎಚ್ಚರವಿರುವ ಯಾವ ರೋಗಿಯಾದರೂ ಇಂದು ವೈದ್ಯರ ಮುಖ ನೋಡಿ ‘ನನಗೆ ಈ ಆಪರೇಷನ್ ಬೇಡ’ ಅನ್ನಬಹುದು, ಅದನ್ನು ಆತ್ಮಹತ್ಯೆ ಅಂತ ಯಾರೂ ಕರೆಯುವುದಿಲ್ಲ. ಎಚ್ಚರ ತಪ್ಪಿದ ದಿನವೂ ಅದೇ ಮಾತು ನಡೆಯಲಿ ಅಂತ ಈಗಲೇ ಬರೆದಿಟ್ಟರೆ ಅದು ಲಿವಿಂಗ್ ವಿಲ್. ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನೊಳಗೆ ಘನತೆಯಿಂದ ಸಾಯುವ ಹಕ್ಕೂ ಸೇರಿದೆ ಎಂದು 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಈ ಅರ್ಥದಲ್ಲೇ.

ಆ ತೀರ್ಪಿಗೂ ಮೊದಲಿನ ಕತೆ ನಮ್ಮ ಕರಾವಳಿಗೆ ಸೇರಿದ್ದು. ಅರುಣಾ ಶಾನಭಾಗ ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನ ಕೆಲಸದವನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಪೆಟ್ಟು ಬಿದ್ದು ಮಲಗಿದವರು ಮೇಲೇಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಆ ಆಸ್ಪತ್ರೆಯ ನರ್ಸುಗಳೇ ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಇನ್ನು ಸಾಕು, ಹೋಗಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಕಾರಣವನ್ನು ಗಮನಿಸಿ: ಅರುಣಾ ಅವರ ಪರವಾಗಿ ಮಾತಾಡಬೇಕಾದವರು ಅಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯವರು, ಅವರಿಗೆ ಇದು ಬೇಡವಾಗಿದೆ. ಹೈಕೋರ್ಟಿನ ಅನುಮತಿ ಪಡೆದು ಜೀವಾಧಾರದ ಚಿಕಿತ್ಸೆ ನಿಲ್ಲಿಸಬಹುದು ಎಂಬ ದಾರಿ ತೆರೆದದ್ದೂ ಅದೇ ತೀರ್ಪು. ಆದರೆ ನನ್ನನ್ನು ಹಿಡಿದಿಟ್ಟಿರುವುದು ಮೊದಲನೆಯದು. ಘಟನೆ ನಡೆದಾಗ ಅವರಿಗೆ 25 ವರ್ಷ. ತನಗೇನು ಬೇಕೆಂದು ಆ ವಯಸ್ಸಿನಲ್ಲಿ ಯಾರು ಹೇಳಿಟ್ಟಿರುತ್ತಾರೆ? ದೇಶದ ಅತಿ ದೊಡ್ಡ ನ್ಯಾಯಾಲಯ ಕೂತು, ಇವಳ ಪರವಾಗಿ ಮಾತಾಡುವವರು ಯಾರು ಅಂತ ಹುಡುಕಬೇಕಾಯಿತು.

ನಿಮ್ಮ ತಮ್ಮನ ಪ್ರಶ್ನೆಗೆ ಬರುವ ಮುನ್ನ ನಮ್ಮ ಮನೆಯದೊಂದನ್ನು ಹೇಳುತ್ತೇನೆ.

ನಮ್ಮಣ್ಣನಿಗೆ ಶ್ವಾಸಕೋಶದ ಕ್ಯಾನ್ಸರ್. ಒಂದು ರಾತ್ರಿ ಎರಡೂವರೆಗೆ ಐಸಿಯು ಬಾಗಿಲು ತೆರೆದು ಡ್ಯೂಟಿ ಡಾಕ್ಟರು ಹೊರಬಂದರು. ಚಿಕ್ಕ ವಯಸ್ಸು, ಅವರಿಗೂ ನಿದ್ದೆ ಇಲ್ಲ. “ಮುಂದೆ ಏನ್ ಮಾಡೋಣ? ಎಲ್ಲಾ ಮಾಡೋಣ್ವಾ?” ಅಂದರು. ಅತ್ತಿಗೆ ನನ್ನ ಮುಖ ನೋಡಿದರು, ನಾನು ಅಣ್ಣನ ಮಗನ ಮುಖ ನೋಡಿದೆ, ಅವನು ಕೈಯಲ್ಲಿದ್ದ ಫೋನು ನೋಡಿದ. ಆ ಪ್ಲಾಸ್ಟಿಕ್ ಕುರ್ಚಿಯ ಸಾಲಿನ ಮುಂದೆ ನಿಂತು ‘ಬೇಡ’ ಅನ್ನುವ ಧೈರ್ಯ ಯಾರಿಗಿದೆ? ಎಲ್ಲಾ ಮಾಡಿ ಅಂದೆವು. ‘ಎಲ್ಲಾ’ ಅಂದರೆ ಗಂಟಲಿಗೆ ಪೈಪು, ಮೂಗಿಗೊಂದು ನಳಿಕೆ, ಎದೆ ಒತ್ತುವುದು ಎಂದು ಆಮೇಲೆ ತಿಳಿಯಿತು. ಆರನೇ ದಿನಕ್ಕೆ ದುಡ್ಡೂ ಮುಗಿಯಿತು, ಆಸೆಯೂ ಮುಗಿಯಿತು. ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. ‘ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯಲ್ಲಿ ಕರೆದುಕೊಂಡು ಹೋಗುತ್ತಿದ್ದೇವೆ’ ಎಂಬ ಅಚ್ಚಾದ ಸಾಲಿನ ಕೆಳಗೆ ನಾನೇ ಸಹಿ ಹಾಕಿದೆ. ವೆಂಟಿಲೇಟರ್ ಬಿಚ್ಚಿ ಅಂಬು ಬ್ಯಾಗ್ ಸಿಕ್ಕಿಸಿದರು. ಅದೊಂದು ರಬ್ಬರಿನ ಚೀಲ, ಒತ್ತಿದರೆ ಎದೆಗೆ ಗಾಳಿ ಹೋಗುತ್ತದೆ. ಆಂಬುಲೆನ್ಸಿನ ಹುಡುಗ ಅದನ್ನು ಅಣ್ಣನ ಮಗನ ಕೈಗೆ ಕೊಟ್ಟು, ಐದೈದು ಸೆಕೆಂಡಿಗೊಮ್ಮೆ ಒತ್ತುತ್ತಿರಿ ಅಂದ. ಮನೆ ಬಂತು. ಹಾಸಿಗೆ ಮೇಲೆ ಮಲಗಿಸಿದೆವು. ಅವನು ಒತ್ತುತ್ತಲೇ ಇದ್ದ. ಅರ್ಧ ಗಂಟೆಯಾದ ಮೇಲೆ ತಲೆ ಎತ್ತದೆ ಕೇಳಿದ: “ಚಿಕ್ಕಪ್ಪ, ನಿಲ್ಲಿಸ್ಲಾ?”

ಏನು ಹೇಳಿದೆ ಅಂತ ಇಲ್ಲಿ ಬರೆಯಲಾರೆ. ಇವತ್ತಿಗೂ ನಾವಿಬ್ಬರೂ ಅದರ ಬಗ್ಗೆ ಮಾತಾಡಿಲ್ಲ.

ಈಗ ನಿಮ್ಮ ತಮ್ಮನಿಗೆ ಹೇಳಿ. ಯಂತ್ರ ನಿಲ್ಲಿಸುವುದು ನಮ್ಮಲ್ಲಿ ಹೊಸದಾಗಿ ಶುರುವಾಗುತ್ತಿಲ್ಲ. ಹಿಂಬಾಗಿಲಿನಿಂದ, ಬಿಲ್ಲಿನ ಕೌಂಟರಿನ ಪಕ್ಕದಿಂದ ನಡೆದೇ ಇದೆ. ಅಲ್ಲಿ ಮಂಡಳಿ ಇಲ್ಲ, ಸಾಕ್ಷಿ ಇಲ್ಲ, ನೋವಿಗೆ ಔಷಧಿಯೂ ಇಲ್ಲ. ಆಸ್ತಿ ಆಸೆಯ ಮಗನಿಗೆ ಅದಕ್ಕಿಂತ ಸಲೀಸಾದ ದಾರಿ ಬೇಕೇ? ಕಾನೂನಿನ ದಾರಿಯಲ್ಲಿ ಹೋದರೆ ಅವನಿಗೆ ಅಡ್ಡಿಗಳು ಹೆಚ್ಚು. ಮೊದಲು ಆಸ್ಪತ್ರೆಯ ಪ್ರಾಥಮಿಕ ಮಂಡಳಿ: ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜೊತೆ ಆ ವಿಷಯದಲ್ಲಿ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು. ಅವರು ಒಪ್ಪಿದ ಮೇಲೆ ಎರಡನೇ ಮಂಡಳಿ: ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರು, ಮೊದಲ ಮಂಡಳಿಯಲ್ಲಿಲ್ಲದ ಇನ್ನಿಬ್ಬರು ತಜ್ಞರು. ಎರಡೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಅದನ್ನು ಜಾರಿ ಮಾಡುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಒಮ್ಮತ ಬರದಿದ್ದರೆ ಹೈಕೋರ್ಟಿದೆ. ಲಿವಿಂಗ್ ವಿಲ್ ಬರೆಯದವರಿಗೂ, ಮನೆಯವರ ಒಪ್ಪಿಗೆ ಪಡೆದು, ಇದೇ ಎರಡು ಮೆಟ್ಟಿಲು. ದುರುಪಯೋಗ ಆಗಲಾರದು ಅಂತ ಆಣೆ ಮಾಡಲಾರೆ. ನನ್ನ ಚಿಂತೆ ಇನ್ನೊಂದು ಕಡೆಗಿದೆ. ತಾಲ್ಲೂಕು ಆಸ್ಪತ್ರೆಯೊಂದು ಇಷ್ಟು ತಜ್ಞರನ್ನು ಎಲ್ಲಿಂದ ತಂದೀತು? ಕಾಯಲಾಗದೆ ಮನೆಯವರು ಮತ್ತೆ ಆ ಅಚ್ಚಾದ ಫಾರಮ್ಮಿಗೇ ಕೈಯೊಡ್ಡುತ್ತಾರೆ.

ಹಾಳೆಯ ಬೆಲೆ ಕೇಳಿದಿರಿ. ಪಕ್ಕದ ಮನೆಯವರ ಸಹಿಯೊಂದೇ ಇದ್ದ ಆ ಹಾಳೆ ಕಾನೂನಿನ ಮುಂದೆ ನಿಲ್ಲುತ್ತಿರಲಿಲ್ಲ. ಇಬ್ಬರು ಸಾಕ್ಷಿಗಳು ಬೇಕು, ಅವರು ನಿಮ್ಮ ಆಸ್ತಿಗೆ ಸಂಬಂಧವಿಲ್ಲದವರಾದರೆ ಒಳ್ಳೆಯದು. ಅವರ ಮುಂದೆ ನೀವು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. 2018ರ ತೀರ್ಪಿನಲ್ಲಿ ಇದಕ್ಕೆ ಮ್ಯಾಜಿಸ್ಟ್ರೇಟರ ಸಹಿಯೇ ಬೇಕಿತ್ತು. ಕೋರ್ಟಿನ ಬಾಗಿಲಿಗೆ ಅಲೆಯುವವರು ಯಾರು? ಐಸಿಯು ವೈದ್ಯರ ಸಂಘವೇ ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಿ ಕೇಳಿಕೊಂಡ ಮೇಲೆ 2023ರ ಜನವರಿಯಲ್ಲಿ ಅದು ಸಡಿಲವಾಯಿತು. ಒಂದು ಪ್ರತಿಯನ್ನು ನಿಮ್ಮ ಪಂಚಾಯಿತಿ ಅಥವಾ ನಗರಸಭೆಯ ಅಧಿಕಾರಿಗೂ ಕೊಡಬೇಕು. (ಕೊಡಲು ಹೋದಾಗ ಆಸ್ತಿಯ ವಿಲ್ ಅಂದುಕೊಂಡು ನಿಮ್ಮನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿದರೆ ಆಶ್ಚರ್ಯಪಡಬೇಡಿ. ಸುತ್ತೋಲೆಯ ಪ್ರತಿ ಕೈಯಲ್ಲಿರಲಿ.) ಯಾವಾಗ ಬೇಕಾದರೂ ಬದಲಾಯಿಸಬಹುದು, ರದ್ದು ಮಾಡಬಹುದು. ನಿಮಗೆ ತಿಳಿವಳಿಕೆ ಇದ್ದು ಬಾಯಲ್ಲಿ ಹೇಳಬಲ್ಲಿರಾದರೆ ನಿಮ್ಮ ಬಾಯಿ ಮಾತೇ ನಡೆಯುತ್ತದೆ, ಕಾಗದ ಮಡಚಿಕೊಂಡಿರುತ್ತದೆ.

‘ನನಗೆ ನರಳಾಟ ಬೇಡ’ ಅಂತಷ್ಟೇ ಬರೆದು ಬಿಡಬೇಡಿ. ಅರ್ಥ ಸ್ಪಷ್ಟವಿಲ್ಲದ ಕಾಗದವನ್ನು ವೈದ್ಯರ ಮಂಡಳಿ ಪಕ್ಕಕ್ಕಿಡಬಹುದು. ನ್ಯುಮೋನಿಯಾ ಆಗಿ, ನಾಲ್ಕು ದಿನ ವೆಂಟಿಲೇಟರ್‌ನಲ್ಲಿದ್ದು, ನಡೆದುಕೊಂಡು ಮನೆಗೆ ಬರುವವರಿದ್ದಾರೆ. ಅದನ್ನೂ ಬೇಡ ಎನ್ನುತ್ತೀರಾ? ಬಹುಶಃ ಇಲ್ಲ. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ, ಪ್ರಜ್ಞೆ ಮರಳುವ ಸಂಭವವಿಲ್ಲವೆಂದು ವೈದ್ಯರು ಹೇಳಿದಾಗ ವೆಂಟಿಲೇಟರ್, ಡಯಾಲಿಸಿಸ್, ನಿಂತ ಹೃದಯಕ್ಕೆ ಎದೆ ಒತ್ತುವುದು, ಮೂಗಿನ ನಳಿಕೆಯ ಆಹಾರ, ಇವುಗಳಲ್ಲಿ ಯಾವುದು ಬೇಡ, ಯಾವುದನ್ನು ಕೆಲವು ದಿನ ನೋಡಿ ನಿಲ್ಲಿಸಬಹುದು ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆಯಿರಿ. ನಿಮ್ಮನ್ನು ನೋಡುವ ವೈದ್ಯರ ಹತ್ತಿರ ಒಮ್ಮೆ ಕೂತು ಕೇಳಿಕೊಂಡು ಬರೆದರೆ ಇನ್ನೂ ಒಳ್ಳೆಯದು.

ಆದರೆ ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ಪರವಾಗಿ ಮಾತಾಡುವವರ ಹೆಸರು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ನೀವು ಮಗನೇ ಅಂದುಕೊಂಡಿದ್ದೀರಿ. ಅವನು ಹಾಳೆ ಹರಿದದ್ದು ಸಿಟ್ಟಿನಿಂದ ಅಂತ ನನಗನ್ನಿಸುವುದಿಲ್ಲ. ಅಪ್ಪನ ಆ 19 ದಿನ ಐಸಿಯು ಹೊರಗೆ ಕೂತು ಪ್ರತಿಯೊಂದಕ್ಕೂ ‘ಹೂಂ’ ಅಂದವನು ಅವನೇ ಇರಬೇಕು. ಆ ‘ಹೂಂ’ಗಳೆಲ್ಲ ತಪ್ಪಾಗಿದ್ದವು ಅಂತ ನಿಮ್ಮ ಹಾಳೆ ಹೇಳಿದ ಹಾಗೆ ಅವನಿಗೆ ಕೇಳಿಸಿರಬಹುದು. ಕಾಗದ ಆಮೇಲಿರಲಿ, ಒಂದು ದಿನ ಅದನ್ನು ಮಾತಾಡಿ. ನೀವು ಬರೆಯುತ್ತಿರುವುದು ಆ ಹೊರೆ ಇನ್ನೊಮ್ಮೆ ಅವನ ತಲೆಗೆ ಬರಬಾರದು ಅಂತ, ನಿರ್ಧಾರ ನೀವೇ ಮಾಡಿಯಾಗಿದೆ, ಅವನು ಅದನ್ನು ಓದಿ ಹೇಳಿದರೆ ಸಾಕು ಅಂತ. ಆದರೂ ಅವನಿಗೆ ಆಗದಿದ್ದರೆ ಬಲವಂತ ಮಾಡಬೇಡಿ. ಪ್ರೀತಿ ಹೆಚ್ಚಿದ್ದವರು ಈ ಕೆಲಸಕ್ಕೆ ಆಗಿಬರುತ್ತಾರೆ ಅಂತೇನಿಲ್ಲ. ರಾತ್ರಿ ಎರಡೂವರೆಗೆ ಡಾಕ್ಟರ ಮುಂದೆ ಗಂಟಲು ಕಟ್ಟದೆ ಮಾತಾಡಬಲ್ಲವರು ಬೇಕು. ಇಷ್ಟು ಗಟ್ಟಿಯಾಗಿ ಪ್ರಶ್ನೆ ಕೇಳುವ ನಿಮ್ಮ ತಮ್ಮನೇ ಸರಿಹೋಗಬಹುದೇನೋ.

ಹಾಲೆಂಡಿನ ಮಾತು. ಅಲ್ಲಿ 2002ರಿಂದ ವೈದ್ಯರೇ ಇಂಜೆಕ್ಷನ್ ಕೊಡಲು ಕಾನೂನಿದೆ, ಬೆಲ್ಜಿಯಂನಲ್ಲೂ ಇದೆ. ಅಮೆರಿಕದ ಒರೆಗಾನಿನಲ್ಲಿ ಇನ್ನಾರು ತಿಂಗಳು ಬದುಕಲಾರರು ಎಂಬ ರೋಗಿಗೆ ಔಷಧಿ ಬರೆದುಕೊಡುತ್ತಾರೆ, ಕುಡಿಯಬೇಕಾದವರು ರೋಗಿಯೇ. ಕೆನಡಾ 2016ರಲ್ಲಿ ಶುರುಮಾಡಿ, 2021ರಲ್ಲಿ ಸಾವು ಹತ್ತಿರವಿಲ್ಲದವರಿಗೂ ವಿಸ್ತರಿಸಿತು. ಬದುಕಲು ನೆರವು ಕೇಳಿದರೆ ಸಾವಿನ ನೆರವು ಮುಂದಿಡುತ್ತೀರಿ ಎಂದು ಅಲ್ಲಿನ ಅಂಗವಿಕಲರ ಸಂಘಟನೆಗಳು ವಿರೋಧಿಸುತ್ತಿವೆ. ಭಾರತದಲ್ಲಿ ಇವೆಲ್ಲ ಅಪರಾಧವೇ. ನನ್ನ ಅಭಿಪ್ರಾಯ ಕೇಳಿದರೆ, ಸದ್ಯಕ್ಕೆ ಹಾಗೇ ಇರಲಿ. ನೋವಿನಿಂದ ಒದ್ದಾಡುವವರಿಗೆ ಮಾರ್ಫಿನ್ ಗುಳಿಗೆಯೇ ಸರಿಯಾಗಿ ಸಿಗದ ದೇಶವಿದು. 1985ರ ಮಾದಕವಸ್ತು ಕಾಯ್ದೆಯ ಲೈಸೆನ್ಸುಗಳ ಗೋಜಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿದರೂ ಆ ಹೆದರಿಕೆ ಪೂರ್ತಿ ಹೋಗಿಲ್ಲ. ‘ನನ್ನನ್ನು ಸಾಯಿಸಿಬಿಡಿ’ ಅನ್ನುವ ಎಷ್ಟೋ ಜನ ನೋವು ಇಳಿದ ಮೇಲೆ ಮೊಮ್ಮಗನನ್ನು ಕರೆಯಿರಿ ಅನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯದಂಥ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡಿಲ್ಲದೆ ನೋಡಿಕೊಳ್ಳುವ ಜಾಗಗಳು ಜಿಲ್ಲೆಗೊಂದಾದರೂ ಆಗಲಿ, ಆಮೇಲೆ ಇಂಜೆಕ್ಷನ್ ಮಾತಾಡೋಣ. ಇದನ್ನು ಒಪ್ಪದವರು ಬರೆಯಿರಿ, ಹಾಕುತ್ತೇವೆ.

ನಿಮ್ಮ ಕಾಗದದಲ್ಲೂ ಇದೊಂದು ಸಾಲಿರಲಿ: ಯಂತ್ರ ಬೇಡವೆಂದರೆ ಆರೈಕೆ ಬೇಡವೆಂದಲ್ಲ, ನೋವಿಗೆ, ಉಸಿರಾಟದ ಸಂಕಟಕ್ಕೆ ಔಷಧಿ ಕೊಡಬೇಕು. ಎಲ್ಲ ನಿಲ್ಲಿಸಿ ಮೂಲೆಗೆ ತಳ್ಳುತ್ತಾರೆಂಬ ಭಯ ಮನೆಯವರಿಗೂ ಇರುತ್ತದೆ.

ಇನ್ನು ಕೈ ಕಟ್ಟುವ ಮಾತು. ಪೈಪು ಹಾಕಿದವರ ಕೈ ಅರಿವಿಲ್ಲದೆಯೇ ಬಾಯಿಯತ್ತ ಹೋಗುತ್ತದೆ, ಕಿತ್ತರೆ ಗಂಟಲಿಗೆ ಗಾಯ, ಉಸಿರಿಗೆ ಅಪಾಯ. ರಾತ್ರಿ ಪಾಳಿಯಲ್ಲಿ ನಾಲ್ಕಾರು ಹಾಸಿಗೆ ನೋಡುವ ನರ್ಸಿಗೆ ಕಟ್ಟದೆ ಬೇರೆ ದಾರಿ ಕಾಣದಿರಬಹುದು, ಅವರನ್ನು ದೂರಲಾರೆ. ಪೈಪೇ ಬೇಡವೆಂದು ಬರೆದ ಮೇಲೆ ಕಟ್ಟುವ ಪ್ರಶ್ನೆಯೇ ಬಾರದು ಅಂತ ನಿಮ್ಮ ವಕೀಲರು ಹೇಳಿಯಾರು. ಟೈಪು ಮಾಡುವವನು, ಇದು ಫಾರ್ಮ್ಯಾಟಿನಲ್ಲಿಲ್ಲ ಅಂತ ಆ ಸಾಲನ್ನು ಬಿಟ್ಟೂ ಬಿಟ್ಟಾನು. ಹಾಗೆ ಬಿಟ್ಟರೆ ಸಹಿ ಹಾಕುವ ಮುನ್ನ ಕೆಳಗೆ ನಿಮ್ಮ ಕೈಯಲ್ಲೇ ಸೇರಿಸಿ.